ಹೋಲ್‌ಸೇಲ್ ಬೆಲೆಗೆ ವಿಡಿಯೋ ಗೇಮ್ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ಕೊಂಡು ಮಾರುವ ಸಣ್ಣ ವ್ಯಾಪಾರಕ್ಕೆ ಇಳಿದಾಗಿನಿಂದ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇವೆ. ಕೆಲವರು ಎದುರಿಗೆ ಸಿಕ್ಕಾಗ ಕೇಳುತ್ತಾರೆ, ಕೆಲವರು ಬರೆದು ಕೇಳುತ್ತಾರೆ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರ ಹೋಗಿ, ಮೊದಲಿಂದ ಓದಲೇಬೇಕು ಅಂತೇನಿಲ್ಲ.

## ಈಗಷ್ಟೇ ಯೋಚನೆ ಮಾಡುತ್ತಿರುವವರಿಗೆ

ನನಗೆ ಅಂಗಡಿ ಇಲ್ಲ, ಕಂಪನಿ ಇಲ್ಲ. ಆದ್ರೂ ಹೋಲ್‌ಸೇಲ್ ರೇಟಲ್ಲಿ ಗೇಮ್ ಸಿಗುತ್ತಾ?

ಹೊಸ ಸೀಲ್ ಪ್ಯಾಕ್ ಗೇಮ್ ಸಿಗುವುದಿಲ್ಲ. ಹೊಸ ಗೇಮ್ ಪಬ್ಲಿಷರ್ (ಗೇಮ್ ಹೊರತರುವ ಕಂಪನಿ) ಕೈಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗಿ, ಅಲ್ಲಿಂದ ಅಂಗಡಿಗೆ ಬರುತ್ತದೆ. ಡಿಸ್ಟ್ರಿಬ್ಯೂಟರ್ ವ್ಯಾಪಾರ ಮಾಡುವುದು ನೋಂದಣಿ ಇರುವ ವ್ಯಾಪಾರಸ್ಥರ ಜೊತೆ ಮಾತ್ರ. ಒಬ್ಬ ವ್ಯಕ್ತಿ ಹೋಗಿ ಹತ್ತು ಗೇಮ್ ಕೊಡಿ ಅಂದರೆ ಕೊಡುವುದಿಲ್ಲ.

ಆದರೆ ಸೆಕೆಂಡ್ ಹ್ಯಾಂಡ್ ಮಾಲಿಗೆ ಈ ಬಾಗಿಲು ಕಾಯುವವರು ಯಾರೂ ಇಲ್ಲ. ಯಾರೋ ಕನ್ಸೋಲ್ (ಗೇಮ್ ಆಡುವ ಮೆಷಿನ್) ಸಮೇತ ಎಲ್ಲ ಮಾರುತ್ತಾರೆ, ಅಂಗಡಿ ಮುಚ್ಚುವವರು ಉಳಿದ ಸ್ಟಾಕ್ ಒಟ್ಟಿಗೆ ಕೊಡುತ್ತಾರೆ, ಮಕ್ಕಳು ದೊಡ್ಡವರಾದರು ಅಂತ ಮನೆಯವರು ಪೆಟ್ಟಿಗೆಗಟ್ಟಲೆ ಹೊರಗೆ ಹಾಕುತ್ತಾರೆ. ಸಣ್ಣವರ ಪಾಲಿಗೆ ನಿಜವಾದ ಹೋಲ್‌ಸೇಲ್ ಅಂದರೆ ಇದೇ. ನಾನು ಇಂದಿಗೂ ಜಾಸ್ತಿ ಕೊಳ್ಳುವುದು ಇಲ್ಲೇ.

ಹೋಲ್‌ಸೇಲ್ ಅಂದ್ರೆ ಅರ್ಧ ಬೆಲೆ ತಾನೇ?

ಅಲ್ಲ. ಬಟ್ಟೆ, ಆಟಿಕೆ ವ್ಯಾಪಾರದಿಂದ ಬಂದವರು ಇದೇ ಲೆಕ್ಕ ಇಟ್ಟುಕೊಂಡು ಬರುತ್ತಾರೆ, ಮೊದಲ ಬೆಲೆಪಟ್ಟಿ ಕೈಗೆ ಬಂದಾಗ ಮುಖ ಸಪ್ಪೆಯಾಗುತ್ತದೆ. ಹೊಸ ಗೇಮ್ ಮೇಲೆ ಅಂಗಡಿಯವರಿಗೆ ಉಳಿಯುವುದು ಕಡಿಮೆ. ಕನ್ಸೋಲ್ ಮೇಲೆ ಇನ್ನೂ ಕಡಿಮೆ. ಕನ್ಸೋಲ್ ಮಾಡುವ ಕಂಪನಿಗಳು ಎಷ್ಟೋ ಸಲ ಮೆಷಿನ್ನನ್ನು ತಯಾರಿಸಿದ ಖರ್ಚಿಗೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ ಮಾರಿ, ಆಮೇಲೆ ಮಾರಾಟವಾಗುವ ಪ್ರತಿ ಗೇಮಿನ ಪಾಲಿನಿಂದ ದುಡ್ಡು ಮಾಡಿಕೊಳ್ಳುತ್ತವೆ. ಮೂಲದಲ್ಲೇ ಲಾಭ ಇಲ್ಲದ ವಸ್ತುವಿನಲ್ಲಿ ಅಂಗಡಿಯವನಿಗೆ ಎಲ್ಲಿಂದ ಸಿಗಬೇಕು?

ಅಂಗಡಿಗಳು ಬದುಕುವುದು ಕಂಟ್ರೋಲರ್, ಕೇಬಲ್, ಹೆಡ್‌ಸೆಟ್, ಕೇಸ್ ಮತ್ತು ಸೆಕೆಂಡ್ ಹ್ಯಾಂಡ್ ಗೇಮ್‌ಗಳಿಂದ. ಗೇಮ್‌ಸ್ಟಾಪ್‌ನಂಥ ದೊಡ್ಡ ಸರಣಿ ಅಂಗಡಿಗೂ ವರ್ಷಗಟ್ಟಲೆ ಲಾಭದ ದೊಡ್ಡ ಪಾಲು ಬಂದದ್ದು ಹಳೇ ಗೇಮ್ ಕೊಂಡು ಮಾರಿದ್ದರಿಂದಲೇ.

ಡಿಸ್ಟ್ರಿಬ್ಯೂಟರ್ ಹತ್ರ ಅಕೌಂಟ್ ತೆರೆಯೋಕೆ ಏನೇನು ಕೇಳ್ತಾರೆ?

ವ್ಯಾಪಾರದ ನೋಂದಣಿ, ತೆರಿಗೆ ಸಂಖ್ಯೆ, ಬ್ಯಾಂಕ್ ವಿವರ. ಕೆಲವರು ಅಂಗಡಿಯ ಫೋಟೋ, ಬಾಡಿಗೆ ಕರಾರು ಕೂಡ ಕೇಳುತ್ತಾರೆ, ಆನ್‌ಲೈನ್‌ನಲ್ಲಿ ಮಾತ್ರ ಮಾರುವವರನ್ನು ಸೇರಿಸಿಕೊಳ್ಳುವುದಿಲ್ಲ. ಮೊದಲ ಆರ್ಡರ್ ಇಷ್ಟಕ್ಕಿಂತ ಕಡಿಮೆ ಇರಬಾರದು ಅಂತ ಇರುತ್ತದೆ. ಮೊದಮೊದಲು ಪೂರ್ತಿ ದುಡ್ಡು ಮುಂಗಡ ಕಟ್ಟಬೇಕು. ಕೆಲವು ತಿಂಗಳು ಸರಿಯಾಗಿ ನಡೆದುಕೊಂಡರೆ ಉದ್ರಿ ಕೊಡುತ್ತಾರೆ, ಸಾಮಾನ್ಯವಾಗಿ ಮೂವತ್ತು ದಿನದ್ದು.

ಬಿಡುಗಡೆ ದಿನದ ಬಗ್ಗೆ ಒಂದು ಮಾತು. ಮಾಲು ಎರಡು ಮೂರು ದಿನ ಮುಂಚೆ ಬಂದಿರುತ್ತದೆ, ಪರಿಚಯದವರು ಸುಮ್ನೆ ಒಂದು ಕೊಡಿ ಅಂತ ಕಾಡುತ್ತಾರೆ. ಕೊಡಬೇಡಿ. ಗೊತ್ತಾದರೆ ಮುಂದಿನ ಗೇಮ್ ನಿಮಗೆ ಬಿಡುಗಡೆ ದಿನ ಕಳೆದ ಮೇಲೆ ಬರುತ್ತದೆ, ಇಲ್ಲವೇ ಅಕೌಂಟೇ ಹೋಗುತ್ತದೆ.

ಇಷ್ಟು ಕಟ್ಟಿ ಮೆಂಬರ್ ಆದ್ರೆ ಹೋಲ್‌ಸೇಲ್ ಸಪ್ಲೈಯರ್ ಪಟ್ಟಿ ಕೊಡ್ತೀವಿ ಅಂತಾರೆ. ಕಟ್ಟಬಹುದಾ?

ಕಟ್ಟಬೇಡಿ. ನಿಜವಾದ ಡಿಸ್ಟ್ರಿಬ್ಯೂಟರ್ ನಿಮ್ಮಿಂದ ಆರ್ಡರ್ ಬಯಸುತ್ತಾನೆ, ಸೇರುವ ಶುಲ್ಕವನ್ನಲ್ಲ. ಆ ಪಟ್ಟಿಗಳಲ್ಲಿ ಇರುವುದು ಹುಡುಕಿದರೆ ಎಲ್ಲರಿಗೂ ಸಿಗುವ ಹೆಸರುಗಳು, ಜೊತೆಗೆ ಮಧ್ಯದಲ್ಲಿ ಕೂತು ಚಿಲ್ಲರೆ ಬೆಲೆಗೇ ಮಾರುವವರು.

ಹೊಸ ಕನ್ಸೋಲ್ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಕೊಡುತ್ತೇವೆ ಅನ್ನುವವರಂತೂ ಮೋಸಗಾರರೇ, ಇದರಲ್ಲಿ ನನಗೆ ಅನುಮಾನ ಇಲ್ಲ. ಮೇಲೆ ಅರ್ಧ ಬೆಲೆಯ ಪ್ರಶ್ನೆಗೆ ಹೇಳಿದ ಲೆಕ್ಕ ನೋಡಿ, ಅಂಥ ಬೆಲೆ ಬರಲು ದಾರಿಯೇ ಇಲ್ಲ. ಗಿಫ್ಟ್ ಕಾರ್ಡ್‌ನಲ್ಲಿ ಅಥವಾ ಕ್ರಿಪ್ಟೋದಲ್ಲಿ ಮಾತ್ರ ಪಾವತಿ ಮಾಡಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ನನಗೆ ಮಾರೋದು ಬೇಡ, ಆಡೋಕೆ ಮಾತ್ರ. ಕಡಿಮೆಗೆ ಹೇಗೆ?

ಕಾಯಿರಿ, ಅಷ್ಟೇ. ಹೆಚ್ಚಿನ ಗೇಮ್‌ಗಳ ಬೆಲೆ ಬಿಡುಗಡೆಯಾದ ಒಂದು ವರ್ಷದೊಳಗೆ ಚೆನ್ನಾಗಿ ಇಳಿಯುತ್ತದೆ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಿಬಿಡಬಹುದು, ಆಗ ನಿಮಗೆ ಬಿದ್ದ ಖರ್ಚು ವ್ಯತ್ಯಾಸ ಮಾತ್ರ. ನಾಲ್ಕೈದು ಗೆಳೆಯರು ಸೇರಿ ಒಂದು ಲಾಟ್, ಅಂದರೆ ಒಟ್ಟಿಗೆ ಮಾರುವ ಗೇಮ್ ರಾಶಿ, ಕೊಂಡು ಹಂಚಿಕೊಳ್ಳುವುದೂ ಒಳ್ಳೆ ದಾರಿ.

## ಮಾಲು ಕೈಗೆ ತಗೊಳ್ಳುವ ಮುಂಚೆ

ಒಂದು ಲಾಟ್‌ಗೆ ಎಷ್ಟು ಕೊಡಬೇಕು ಅಂತ ಹೇಗೆ ಲೆಕ್ಕ ಹಾಕ್ತೀರ?

ನನ್ನ ಬಳಿ ಒಂದು ನೋಟ್‌ಪುಸ್ತಕ ಇದೆ, ಲಾಟ್ ನೋಡಲು ಹೋದಾಗ ಜೊತೆಗಿರುತ್ತದೆ. ಗೇಮ್‌ಗಳನ್ನು ಮೂರು ಗುಂಪು ಮಾಡಿ ಬರೆಯುತ್ತೇನೆ: ಒಂದು ತಿಂಗಳಲ್ಲಿ ಹೋಗುವುದು, ನಿಧಾನವಾಗಿ ಹೋಗುವುದು, ಹೋಗದೇ ಇರುವುದು. ಬೆಲೆ ಕಟ್ಟುವುದು ಮೊದಲ ಗುಂಪಿಗೆ ಮಾತ್ರ. ಅದೂ ಜನ ಕೇಳುತ್ತಿರುವ ಬೆಲೆಯಲ್ಲ, ನಿಜವಾಗಿ ಮಾರಾಟ ಆಗಿ ಮುಗಿದ ಬೆಲೆ. ಇವೆರಡರ ನಡುವೆ ಎಷ್ಟು ಅಂತರ ಇರುತ್ತದೆ ಅಂತ ಒಮ್ಮೆ ನೀವೇ ಹೋಲಿಸಿ ನೋಡಿ.

ನಲವತ್ತು ಗೇಮ್ ಇರುವ ಲಾಟ್ ಅಂದುಕೊಳ್ಳಿ. ಅದರಲ್ಲಿ ಎಂಟು ಬೇಗ ಹೋಗುವಂಥವು, ಎಂಟೂ ಸೇರಿ 100ಕ್ಕೆ ಮಾರಾಟವಾಗುತ್ತವೆ. ಮಾರುವ ತಾಣದ ಕಮಿಷನ್, ಕೊರಿಯರ್, ಪ್ಯಾಕಿಂಗ್ ಕಳೆದರೆ ಕೈಗೆ 75 ಬರುತ್ತದೆ ಅನ್ನಿ. ಆ ಲಾಟ್‌ಗೆ ನಾನು 50ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಉಳಿದ 32 ಗೇಮ್ ಪುಕ್ಕಟೆ ಬಂದ ಹಾಗೆ, ಅದರಲ್ಲಿ ಹೋದಷ್ಟು ಹೋಗಲಿ. ಮಾರುವವರು ಯಾವಾಗಲೂ ಎಣಿಕೆ ತೋರಿಸುತ್ತಾರೆ, ನಲವತ್ತು ಗೇಮ್ ಸಾರ್, ಒಂದಕ್ಕೆ ಇಷ್ಟೇ ಬಿತ್ತು ಅಂತ. ಎಣಿಕೆ ನೋಡಿ ಕೊಂಡವರ ಮನೆಯಲ್ಲಿ ಹಳೇ ಫುಟ್‌ಬಾಲ್ ಗೇಮ್‌ಗಳ ರಾಶಿ ಬಿದ್ದಿರುತ್ತದೆ.

ಇನ್ನೊಂದು, ಪ್ರತಿ ಕೇಸನ್ನೂ ತೆರೆದು ನೋಡಿ. ಒಂದು ಸಲ ಮುಜುಗರಪಟ್ಟುಕೊಂಡು ಮೇಲಿನ ಐದಾರು ಮಾತ್ರ ತೆರೆದು ನೋಡಿದೆ. ಮನೆಗೆ ಬಂದು ನೋಡಿದರೆ ಹನ್ನೊಂದು ಕೇಸಲ್ಲಿ ಡಿಸ್ಕೇ ಇರಲಿಲ್ಲ, ಎರಡರಲ್ಲಿ ಬೇರೆ ಗೇಮಿನ ಡಿಸ್ಕ್ ಇತ್ತು.

ಡಿಸ್ಕ್ ಮೇಲೆ ಗೀರು ಇದೆ. ಪಾಲಿಶ್ ಮಾಡಿಸಿದ್ರೆ ಸರಿ ಹೋಗುತ್ತಾ?

ಯಾವ ಡಿಸ್ಕ್, ಯಾವ ಕಡೆ ಗೀರು ಅನ್ನುವುದರ ಮೇಲಿದೆ. ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲ ಪ್ಲೇಸ್ಟೇಷನ್ ಗೇಮ್‌ಗಳು ಸಿಡಿ. ಸಿಡಿಯಲ್ಲಿ ಮಾಹಿತಿ ಇರುವ ಪದರ ಚಿತ್ರ ಅಚ್ಚಾದ ಕಡೆಯ ಕೆಳಗೇ ಇರುತ್ತದೆ. ಹಾಗಾಗಿ ಹೊಳೆಯುವ ಕಡೆ ಗೀರಿದ್ದರೆ ಪಾಲಿಶ್ ಮಾಡಬಹುದು, ಚಿತ್ರದ ಕಡೆ ಆಳವಾದ ಗೀರಿದ್ದರೆ ಆ ಜಾಗದ ಮಾಹಿತಿ ಹೋದಂತೆಯೇ. ಡಿಸ್ಕನ್ನು ದೀಪಕ್ಕೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಪಕ್ಕಕ್ಕಿಡಿ. ಪ್ಲೇಸ್ಟೇಷನ್ 2ರ ಹೆಚ್ಚಿನ ಗೇಮ್‌ಗಳು, ಎಕ್ಸ್‌ಬಾಕ್ಸ್ 360 ಗೇಮ್‌ಗಳು ಡಿವಿಡಿ. ಡಿವಿಡಿಯಲ್ಲಿ ಮಾಹಿತಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ, ಅಂದರೆ 0.6 ಮಿಲಿಮೀಟರ್ ಒಳಗೆ ಇರುತ್ತದೆ. ಇವು ಪಾಲಿಶ್‌ಗೆ ಚೆನ್ನಾಗಿ ಒಗ್ಗುತ್ತವೆ. 360 ಡಿಸ್ಕ್ ಮೇಲೆ ಬಳೆಯ ಹಾಗೆ ಸುತ್ತಲೂ ಒಂದೇ ಗೀರು ಕಂಡರೆ, ಡಿಸ್ಕ್ ತಿರುಗುವಾಗ ಯಾರೋ ಮೆಷಿನ್ ಅಲುಗಾಡಿಸಿದ್ದಾರೆ ಅಂತ ಅರ್ಥ. ಅದು ಉಗುರಿಗೆ ತಗುಲುವಷ್ಟು ಆಳ ಇದ್ದರೆ ಆಸೆ ಬಿಡಿ.

ಪ್ಲೇಸ್ಟೇಷನ್ 3ರಿಂದ ಈಚೆಗೆ, ಎಕ್ಸ್‌ಬಾಕ್ಸ್ ಒನ್‌ನಿಂದ ಈಚೆಗೆ ಎಲ್ಲ ಬ್ಲೂ-ರೇ. ಇದರಲ್ಲಿ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಮೇಲೆ ಗಟ್ಟಿ ಲೇಪನ ಇರುವುದರಿಂದ ಸುಲಭಕ್ಕೆ ಗೀರು ಬೀಳುವುದಿಲ್ಲ, ಆದರೆ ಬಿದ್ದರೆ ಉಜ್ಜಿ ತೆಗೆಯಲು ದಪ್ಪವೇ ಇಲ್ಲ. ಗೀರು ಬಿದ್ದ ಬ್ಲೂ-ರೇಯನ್ನು ಪಾಲಿಶ್ ಲೆಕ್ಕ ಹಾಕಿ ಕೊಳ್ಳಬೇಡಿ.

ಡೂಪ್ಲಿಕೇಟ್ ಕಾರ್ಟ್ರಿಡ್ಜ್ ಹೇಗೆ ಗುರುತಿಸೋದು?

ಕಾರ್ಟ್ರಿಡ್ಜ್ ಅಂದರೆ ಡಿಸ್ಕ್ ಬದಲು ಗೇಮ್ ತುಂಬಿರುವ ಪ್ಲಾಸ್ಟಿಕ್ ಬಿಲ್ಲೆ. ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಮೆಷಿನ್‌ಗಳಾದ ಗೇಮ್‌ಬಾಯ್ ಅಡ್ವಾನ್ಸ್ ಮತ್ತು ಡಿಎಸ್‌ನ ಪೋಕೆಮಾನ್ ಗೇಮ್‌ಗಳಲ್ಲಿ ಡೂಪ್ಲಿಕೇಟ್ ವಿಪರೀತ. ಹೋಲ್‌ಸೇಲ್‌ನಲ್ಲಿ ಹೊಸದರಂತೆ ಹೊಳೆಯುವ ಐವತ್ತು ಕಾರ್ಟ್ರಿಡ್ಜ್ ಒಟ್ಟಿಗೆ ಕೊಡುತ್ತೇನೆ ಅಂದರೆ ಅವು ಅಸಲಿ ಅಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾಲು ಹಾಗೆ ರಾಶಿ ಬೀಳುವುದಿಲ್ಲ.

ಕೈಯಲ್ಲಿ ಹಿಡಿದು ನೋಡುವ ಕ್ರಮ ಇದು. ಲೇಬಲ್ಲನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಅಸಲಿ ಅಡ್ವಾನ್ಸ್ ಕಾರ್ಟ್ರಿಡ್ಜ್ ಲೇಬಲ್‌ನಲ್ಲಿ ಶಾಯಿಯಿಲ್ಲದೆ ಒತ್ತಿದ ಎರಡು ಅಂಕಿ ಮಸುಕಾಗಿ ಕಾಣುತ್ತವೆ. ಆಮೇಲೆ ತಲೆಕೆಳಗು ಮಾಡಿ ಪಿನ್ನುಗಳ ಕಡೆ ನೋಡಿ, ಬೋರ್ಡಿನ ಮೇಲೆ ನಿಂಟೆಂಡೊ ಅಂತ ಸಣ್ಣದಾಗಿ ಅಚ್ಚಾಗಿರುತ್ತದೆ. ಹಿಂದಿನ ಸ್ಕ್ರೂ ಮೂರು ಕಾಲಿನ ನಕ್ಷತ್ರದ ಥರ ಇರಬೇಕು. ಡಿಎಸ್‌ನ ಪೋಕೆಮಾನ್ ಗೇಮ್‌ಗಳಾದ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್, ಬ್ಲ್ಯಾಕ್, ವೈಟ್ ಈ ನಾಲ್ಕರ ಒಳಗೆ ಇನ್‌ಫ್ರಾರೆಡ್ ಇರುವುದರಿಂದ ಅವುಗಳ ಪ್ಲಾಸ್ಟಿಕ್ ಬೇರೆ, ದೀಪಕ್ಕೆ ಹಿಡಿದರೆ ಕಪ್ಪು ಗಾಜಿನ ಹಾಗೆ ಸ್ವಲ್ಪ ಬೆಳಕು ಬಿಡುತ್ತದೆ. ಬೂದು ಬಣ್ಣದ, ಬೆಳಕು ಬಿಡದ ಹಾರ್ಟ್‌ಗೋಲ್ಡ್ ಕಂಡರೆ ವಾಪಸ್ ಕೊಡಿ.

ಅಡ್ವಾನ್ಸ್‌ನ ಪೋಕೆಮಾನ್ ರೂಬಿ, ಸಫೈರ್, ಎಮರಾಲ್ಡ್ ಹಾಕಿದಾಗ ಒಳಗಿನ ಬ್ಯಾಟರಿ ಮುಗಿದಿದೆ ಅಂತ ಸಂದೇಶ ಬಂದರೆ ಗಾಬರಿ ಬೇಡ. ಅವುಗಳಲ್ಲಿ ಬ್ಯಾಟರಿ ಇರುವುದು ಗಡಿಯಾರಕ್ಕೆ, ಸೇವ್ (ಅಲ್ಲಿಯವರೆಗೆ ಆಡಿ ಉಳಿಸಿಟ್ಟ ಆಟ) ಉಳಿಯುತ್ತದೆ. ಅದಕ್ಕಿಂತ ಹಳೆಯ ಗೇಮ್‌ಬಾಯ್ ಪೋಕೆಮಾನ್‌ಗಳಲ್ಲಿ ಮಾತ್ರ ಬ್ಯಾಟರಿ ಹೋದರೆ ಸೇವ್ ಕೂಡ ಹೋಗುತ್ತದೆ, ಹೊಸ ಬ್ಯಾಟರಿ ಬೆಸುಗೆ ಹಾಕಿಸಬೇಕು.

ನಿಮಗೇ ತಿಳಿಯದೆ ಡೂಪ್ಲಿಕೇಟ್ ಬಂದುಬಿಟ್ಟಿದ್ದರೆ ಅದನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಕೊಳ್ಳುವುದು ಎಷ್ಟೋ ಸಲ ಮಕ್ಕಳು, ತಿಂಗಳುಗಟ್ಟಲೆ ಆಡಿದ ಸೇವ್ ಒಂದು ದಿನ ಅಳಿಸಿಹೋದರೆ ಆ ಮಗುವಿಗೆ ಏನಂತ ಹೇಳುವುದು?

ಹಳೇ ಕನ್ಸೋಲ್ ಲಾಟ್‌ನಲ್ಲಿ ಏನು ಚೆಕ್ ಮಾಡಲಿ?

ಆನ್ ಆಗುತ್ತದೆ ಅನ್ನುವುದು ಸಾಲದು. ಡಿಸ್ಕ್ ಓದುತ್ತಾ, ಅರ್ಧ ಗಂಟೆ ಆಡಿದ ಮೇಲೂ ನಿಂತಿದೆಯಾ, ಆನ್‌ಲೈನ್ ಹೋಗುತ್ತಾ ನೋಡಿ. ಕಂಪನಿಯವರು ಬ್ಯಾನ್ ಮಾಡಿದ ಮೆಷಿನ್ ಎಲ್ಲ ರೀತಿಯಲ್ಲೂ ಸರಿಯಾಗಿ ಕಾಣುತ್ತದೆ, ಆನ್‌ಲೈನ್ ಹೋದಾಗಲೇ ಗೊತ್ತಾಗುವುದು. ಹಳೆಯ ಮಾಲೀಕರ ಅಕೌಂಟ್ ಅವರ ಎದುರಿಗೇ ತೆಗೆಸಿ. ನಿಂಟೆಂಡೊ ಸ್ವಿಚ್ ಆದರೆ ಎರಡೂ ಕಂಟ್ರೋಲರ್‌ನ ಸ್ಟಿಕ್ ಮುಟ್ಟದೆ ಬಿಟ್ಟು, ಪರದೆ ಮೇಲೆ ಏನಾದರೂ ತಾನಾಗಿ ಸರಿಯುತ್ತಾ ಗಮನಿಸಿ.

2020ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ 5ರಲ್ಲಿ ಡಿಸ್ಕ್ ಡ್ರೈವ್ ಆ ಮೆಷಿನ್‌ನ ಬೋರ್ಡ್ ಜೊತೆ ಜೋಡಿಯಾಗಿರುತ್ತದೆ. ಬೇರೆ ಮೆಷಿನ್‌ನ ಡ್ರೈವ್ ತಂದು ಹಾಕಿದರೆ ಗೇಮ್ ಓದುವುದಿಲ್ಲ. ಡ್ರೈವ್ ಇಲ್ಲದ ಮೆಷಿನ್ ಕಡಿಮೆಗೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಇದು ನೆನಪಿರಲಿ.

ಬೇರೆ ದೇಶದ ಗೇಮ್ ಕಡಿಮೆಗೆ ಸಿಗ್ತಿದೆ. ಇಲ್ಲಿ ನಡೆಯುತ್ತಾ?

ಪ್ಲೇಸ್ಟೇಷನ್ 4, 5, ಎಕ್ಸ್‌ಬಾಕ್ಸ್ ಒನ್, ಸೀರೀಸ್, ಸ್ವಿಚ್ ಗೇಮ್‌ಗಳಿಗೆ ಪ್ರದೇಶದ ಬೀಗ ಇಲ್ಲ, ಅಂದರೆ ಒಂದು ಪ್ರದೇಶದ ಗೇಮ್ ಬೇರೆ ಪ್ರದೇಶದ ಮೆಷಿನ್‌ನಲ್ಲೂ ನಡೆಯುತ್ತದೆ. ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ವೀ, ವೀ ಯು, 3ಡಿಎಸ್‌ಗೆ ಇದೆ. ಎಕ್ಸ್‌ಬಾಕ್ಸ್ 360ಯಲ್ಲಿ ಪಬ್ಲಿಷರ್ ಇಷ್ಟದ ಮೇಲೆ, ಒಂದೊಂದು ಗೇಮ್ ಒಂದೊಂದು ಥರ.

ಬೀಗ ಇಲ್ಲದಿದ್ದರೂ ತೊಂದರೆ ಇಲ್ಲ ಅಂತಲ್ಲ. ಪ್ಲೇಸ್ಟೇಷನ್ 4 ಡಿಸ್ಕ್ ಯಾವ ಪ್ರದೇಶದ್ದೋ, ಅದರ ಹೆಚ್ಚುವರಿ ಡೌನ್‌ಲೋಡ್‌ಗಳೂ ಅದೇ ಪ್ರದೇಶದ ಸ್ಟೋರ್‌ನಿಂದ ಬರಬೇಕು. ಭಾಷೆ ಬೇರೆ ಇರಬಹುದು. ಡಬ್ಬಿ ಮೇಲೆ ವಯಸ್ಸಿನ ಗುರುತು ಅಮೆರಿಕದ ಇಎಸ್‌ಆರ್‌ಬಿಯದ್ದೋ, ಯುರೋಪಿನ ಪೆಗಿಯದ್ದೋ, ಜಪಾನಿನ ಸೆರೋದ್ದೋ ಅಂತ ನೋಡಿದರೆ ಎಲ್ಲಿಯ ಮಾಲು ಅಂತ ಗೊತ್ತಾಗುತ್ತದೆ. ಮಾರುವಾಗ ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ.

ಹಳೇ ಗೇಮ್ ಮಾರೋದು ಕಾನೂನು ಪ್ರಕಾರ ಸರಿನಾ?

ಅಸಲಿ ಡಿಸ್ಕ್, ಅಸಲಿ ಕಾರ್ಟ್ರಿಡ್ಜ್ ಮರುಮಾರಾಟಕ್ಕೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಜಪಾನಿನಲ್ಲಿ ಪಬ್ಲಿಷರ್‌ಗಳು ಇದರ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು, 2002ರಲ್ಲಿ ತೀರ್ಪು ಹಳೇ ಗೇಮ್ ಮಾರುವವರ ಪರ ಬಂತು. 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್‌ಗೆ ಹಳೇ ಡಿಸ್ಕ್ ಮೇಲೆ ನಿರ್ಬಂಧ ಹಾಕಲು ಹೊರಟು, ಆಟಗಾರರು ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ಹಿಂದೆ ಸರಿಯಿತು. ಬಾಡಿಗೆಗೆ ಕೊಡುವುದಕ್ಕೆ ನಿಯಮ ಬೇರೆ ಇರುತ್ತದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಸ್ಟೀಮ್ ಕೀ ಬಲ್ಕ್‌ನಲ್ಲಿ ಕೊಂಡು ಮಾರಿದ್ರೆ ಹೇಗೆ? ಸ್ಟಾಕ್ ಇಡೋ ತಾಪತ್ರಯ ಇಲ್ಲ

ಕೀ ಅಂದರೆ ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಹಾಕಿದರೆ ಗೇಮ್ ಸಿಗುವ ಕೋಡ್. ಅದನ್ನು ಪಬ್ಲಿಷರ್ ಕಡೆಯಿಂದ ಅಥವಾ ಅವರು ಒಪ್ಪಿದ ಡಿಸ್ಟ್ರಿಬ್ಯೂಟರ್ ಕಡೆಯಿಂದ ಬಿಲ್ ಸಮೇತ ಕೊಂಡರೆ ಸರಿ. ಎಲ್ಲಿಂದ ಬಂತು ಅಂತ ಹೇಳದವರ ಕೀ ಮುಟ್ಟಬೇಡಿ. ಕದ್ದ ಕಾರ್ಡ್‌ನಲ್ಲಿ ಕೊಂಡ ಕೀಗಳು ಇದೇ ದಾರಿಯಲ್ಲಿ ಹರಿದು ಬರುತ್ತವೆ. ಕಾರ್ಡಿನ ಮಾಲೀಕ ದೂರು ಕೊಟ್ಟ ಮೇಲೆ ಕೀ ರದ್ದಾಗುತ್ತದೆ. 2015ರ ಜನವರಿಯಲ್ಲಿ ಪಬ್ಲಿಷರ್ ಯೂಬಿಸಾಫ್ಟ್, ವಂಚನೆಯಿಂದ ಪಡೆದು ಮಾರಿದ ಕೀಗಳು ಅಂತ ಹೇಳಿ ಆಟಗಾರರ ಲೈಬ್ರರಿಯಿಂದಲೇ ಗೇಮ್‌ಗಳನ್ನು ತೆಗೆದುಹಾಕಿತ್ತು. ಆಗ ಗಿರಾಕಿ ಬೈಯುವುದು ನಿಮ್ಮನ್ನು, ನಿಮಗೆ ಮಾರಿದವನು ಫೋನ್ ಎತ್ತುವುದಿಲ್ಲ.

## ಸ್ವಲ್ಪ ಕೈ ಪಳಗಿದವರಿಗೆ

ರಿಟರ್ನ್ ಮಾಲಿನ ದೊಡ್ಡ ಲಾಟ್ ಕೊಳ್ಳಬಹುದಾ?

ಪಟ್ಟಿ ಕೊಟ್ಟರೆ ಮಾತ್ರ. ಅದರಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ ಅಂತ ಬರೆದು ಕೊಡಬೇಕು. ಟೆಸ್ಟ್ ಮಾಡಿಲ್ಲ ಅಂತ ಬರೆದಿದ್ದರೆ ಅದನ್ನು ಟೆಸ್ಟ್ ಮಾಡಿದೆ, ಕೆಲಸ ಮಾಡಲಿಲ್ಲ ಅಂತ ಓದಿಕೊಳ್ಳಿ. ರಿಟರ್ನ್ ಬಂದ ಕಂಟ್ರೋಲರ್‌ಗಳಲ್ಲಿ ರಿಪೇರಿ ಕಲಿತವರಿಗೆ ಲಾಭ ಇದೆ, ಸ್ಟಿಕ್ ಬದಲಾಯಿಸಲು ಬೆಸುಗೆ ಬರಬೇಕು. ಬರದಿದ್ದರೆ ಕಲಿತು ಆಮೇಲೆ ಇಳಿಯಿರಿ.

ಯಾವ ಗೇಮ್ ಸ್ಟಾಕ್ ಮಾಡಬೇಕು, ಯಾವುದು ಬೇಡ?

ನಿಂಟೆಂಡೊದವರದ್ದೇ ಆದ ಗೇಮ್‌ಗಳ ಬೆಲೆ ವರ್ಷಗಟ್ಟಲೆ ಅಲುಗುವುದಿಲ್ಲ, ಬಂಡವಾಳ ಕರಗುವ ಭಯ ಕಡಿಮೆ. ವರ್ಷಕ್ಕೊಂದು ಬರುವ ಕ್ರೀಡೆ ಗೇಮ್‌ಗಳು ಇದಕ್ಕೆ ತದ್ವಿರುದ್ಧ. ಹೊಸ ಇಎ ಸ್ಪೋರ್ಟ್ಸ್ ಎಫ್‌ಸಿ ಫುಟ್‌ಬಾಲ್ ಗೇಮ್ ಬಂದ ದಿನ ಹಳೆಯದನ್ನು ಕೇಳುವವರಿಲ್ಲ. ಕಥೆ ಇರುವ, ಒಬ್ಬರೇ ಆಡುವ ಗೇಮ್‌ಗಳು ನಿಧಾನವಾಗಿಯಾದರೂ ಹೋಗುತ್ತವೆ.

ಆನ್‌ಲೈನ್‌ನಲ್ಲಿ ಮಾತ್ರ ಆಡುವ ಗೇಮ್ ಡಿಸ್ಕ್ ಎಂದೂ ಜಾಸ್ತಿ ಇಟ್ಟುಕೊಳ್ಳಬೇಡಿ. ಸೋನಿಯ ಕಾಂಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಸರ್ವರ್ ಮುಚ್ಚಿತು. ಕೊಂಡವರಿಗೆ ದುಡ್ಡು ವಾಪಸ್ ಬಂತು, ಸರಿ. ಆದರೆ ಯೂಬಿಸಾಫ್ಟ್‌ನ ಕಾರ್ ರೇಸ್ ಗೇಮ್ ದಿ ಕ್ರೂ ಹತ್ತು ವರ್ಷದ ಹತ್ತಿರ ಆಡಿಸಿಕೊಂಡು 2024ರ ಮಾರ್ಚ್ 31ಕ್ಕೆ ನಿಂತಿತು. ಈಗ ಆ ಡಿಸ್ಕ್ ಹಾಕಿದರೆ ಆಟ ಶುರುವೇ ಆಗುವುದಿಲ್ಲ. ಲಾಟ್‌ಗಳಲ್ಲಿ ಅದು ಇನ್ನೂ ಸಿಗುತ್ತಲೇ ಇದೆ.

ಕೊಂಡ ಮೇಲೆ ಬೆಲೆ ಇಳಿದ್ರೆ ಡಿಸ್ಟ್ರಿಬ್ಯೂಟರ್ ವ್ಯತ್ಯಾಸ ಕೊಡ್ತಾರಾ?

ದೊಡ್ಡ ಸರಣಿ ಅಂಗಡಿಗಳಿಗೆ ಕೊಡುತ್ತಾರೆ. ಪಬ್ಲಿಷರ್ ಬೆಲೆ ಇಳಿಸಿದಾಗ ಕೈಯಲ್ಲಿ ಉಳಿದ ಸ್ಟಾಕ್‌ಗೆ ವ್ಯತ್ಯಾಸ ಜಮಾ ಮಾಡುವ ಕರಾರು ಅವರಿಗಿರುತ್ತದೆ. ಸಣ್ಣವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ತೆರೆದ ಮಾಲು ವಾಪಸ್ ಇಲ್ಲ, ಉಳಿದ ಮಾಲೂ ವಾಪಸ್ ಇಲ್ಲ. ಅಕೌಂಟ್ ತೆರೆಯುವ ದಿನವೇ ಇದನ್ನು ಬಾಯಿಬಿಟ್ಟು ಕೇಳಿ, ಬರಹದಲ್ಲಿ ತಗೊಳ್ಳಿ.

ಉಳಿದ ಮಾಲಿನ ಭಾರಕ್ಕೆ ಈ ಉದ್ಯಮವೇ ಒಮ್ಮೆ ಕುಸಿದಿದೆ. 1983ರಲ್ಲಿ ಅಂಗಡಿಗಳ ತುಂಬ ಮಾರಾಟವಾಗದ ಕಾರ್ಟ್ರಿಡ್ಜ್, ವಾಪಸ್ ತಗೊಳ್ಳಬೇಕಾದ ಸಣ್ಣ ಪಬ್ಲಿಷರ್‌ಗಳು ದಿವಾಳಿ. ಆ ವರ್ಷ ಅಮೆರಿಕದ ಗೇಮ್ ಕಂಪನಿ ಅಟಾರಿ ತನ್ನ ಉಳಿದ ಮಾಲನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊದಲ್ಲಿ ಮಣ್ಣು ಮಾಡಿತು. 2014ರಲ್ಲಿ ಅಗೆದಾಗ ಕಾರ್ಟ್ರಿಡ್ಜ್‌ಗಳು ಸಿಕ್ಕವು. ಸಣ್ಣ ಆರ್ಡರ್, ಬೇಗ ಬೇಗ ಆರ್ಡರ್ ಅಂತ ನಾನು ಹೇಳುತ್ತಲೇ ಇರುವುದು ಇದಕ್ಕೇ.

ಡಬ್ಬಿ ಇದೆ, ಒಳಗೆ ಗೇಮ್ ಇಲ್ಲ ಅಂತಾರಲ್ಲ, ಅದೇನು?

ಎರಡು ಥರ ಇದೆ. ಡಬ್ಬಿಯೊಳಗೆ ಬರೀ ಡೌನ್‌ಲೋಡ್ ಕೋಡ್ ಚೀಟಿ ಇರುವುದು ಒಂದು. ಒಮ್ಮೆ ಬಳಸಿದರೆ ಆ ಡಬ್ಬಿಗೆ ಬೆಲೆಯೇ ಇಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲೇಬೇಡಿ. ಇನ್ನೊಂದು 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಗೇಮ್-ಕೀ ಕಾರ್ಡ್. ಇದರಲ್ಲಿ ಗೇಮ್ ಇರುವುದಿಲ್ಲ, ಆದರೆ ಡೌನ್‌ಲೋಡ್ ಮಾಡಿಕೊಂಡು ಕಾರ್ಡ್ ಹಾಕಿದರೆ ಆಡಬಹುದು. ಹಕ್ಕು ಅಕೌಂಟ್‌ಗಲ್ಲ, ಕಾರ್ಡ್‌ಗೆ ಅಂಟಿಕೊಂಡಿರುವುದರಿಂದ ಮರುಮಾರಾಟ ಆಗುತ್ತದೆ. ಡಬ್ಬಿಯ ಮುಂದೆಯೇ ಬರೆದಿರುತ್ತಾರೆ, ಲಾಟ್ ನೋಡುವಾಗ ಓದಿ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಂಥ ಮೆಷಿನ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಗಿರಾಕಿಗೆ ಡಿಸ್ಕ್ ಕೊಡುವ ಮುಂಚೆ ಯಾವ ಮೆಷಿನ್ ಇದೆ ಅಂತ ಒಂದು ಮಾತು ಕೇಳಿ. ವಾಪಸ್ ಬರುವ ಪಾರ್ಸೆಲ್‌ಗಳಲ್ಲಿ ಅರ್ಧ ಅಲ್ಲೇ ನಿಲ್ಲುತ್ತವೆ.

ಆನ್‌ಲೈನ್ ತಾಣದವರು ಇನ್‌ವಾಯ್ಸ್ ಕೇಳಿ ನನ್ನ ಲಿಸ್ಟಿಂಗ್ ನಿಲ್ಲಿಸಿದ್ದಾರೆ. ಏನು ಮಾಡಲಿ?

ಹೊಸದು ಅಂತ ಮಾರುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಬಿಲ್ಲೇ ಬೇಕು, ಅಂಗಡಿಯಲ್ಲಿ ಆಫರ್‌ನಲ್ಲಿ ಕೊಂಡ ಚೀಟಿ ಸಾಲುವುದಿಲ್ಲ. ಬಿಲ್ ಇಲ್ಲದಿದ್ದರೆ ಅದನ್ನು ಬಳಸಿದ ಮಾಲು ಅಂತ ಬದಲಾಯಿಸಿ ಹಾಕಲು ಅವಕಾಶ ಇದೆಯಾ ಕೇಳಿ. ಮನೆಯವರಿಂದ ಕೊಂಡ ಲಾಟ್ ಆದರೂ ನಾನು ಒಂದು ಹಾಳೆಯಲ್ಲಿ ದಿನಾಂಕ, ಗೇಮ್‌ಗಳ ಹೆಸರು, ಕೊಟ್ಟ ದುಡ್ಡು ಬರೆದು ಮಾರಿದವರ ಸಹಿ ಹಾಕಿಸಿಕೊಳ್ಳುತ್ತೇನೆ. ಕದ್ದ ಮಾಲು ಮಾರಲು ಬಂದವರು ಆ ಹಾಳೆ ನೋಡಿದ ಕೂಡಲೇ ಆಮೇಲೆ ಬರುತ್ತೇನೆ ಅಂತ ಹೋಗಿಬಿಡುತ್ತಾರೆ.